ನರವೈದ್ಯ ವಿದ್ಯಾರ್ಥಿಯ ಆಸ್ಪತ್ರೆವಾಸ

(ಮಹೋತ್ಸವದ ವಿದ್ವತ್ಸಭೆಯಲ್ಲಿ ಓದಿದ ಉಪನ್ಯಾಸ)



ಮಗನು ವೈದ್ಯ ಪದವಿಯನ್ನು ಪಡೆಯುವುದಕ್ಕೆ ಐದೂವರೆ ವರ್ಷಗಳು ಕಳೆದುವು. ಬಳಿಕ ಎಂ.ಡಿ. ಎಂಬ ಮೇಲಿನ ಪದವಿಗಾಗಿ ಮತ್ತೆ ಮೂರು ವರ್ಷ ಓದಿದನು. ಇನ್ನಾದರೂ ಊರಿಗೆ ಬಂದು ಔಷಧಾಲಯವನ್ನು ತೆರೆಯುವನೆಂದು ತಂದೆತಾಯಿಗಳು ಕಾದಿರಲು, ನರರೋಗಶಾಸ್ತ್ರದಲ್ಲಿ ಇನ್ನೂ ಮೂರು ವರ್ಷ ಅಭ್ಯಾಸ ಮಾಡಬೇಕಾಗಿದೆಯೆಂದು ಅವನಿಂದ ಸುದ್ದಿ ಬರುವುದು. ಹೊಲವನ್ನು ಅಡವಿಟ್ಟು ಓದಿಸಿದ ಮನೆಯಲ್ಲಿ ಈ ಸುದ್ದಿಯು ಸಂತೋಷವನ್ನುಂಟುಮಾಡಲಾರದು. ಅವನಿಗೆ ಮದುವೆಯಾಗುವುದು ಎಂದು, ಅವನು ದುಡಿಯುವುದು ಎಂದು, ಓದಿದುದನ್ನೇ ಮತ್ತೆ ಓದುವುದರಿಂದ ಪ್ರಯೋಜನವೇನು ಎಂಬ ಪ್ರಶ್ನೆಗಳು ಏಳುವುವು. ಪ್ರಶ್ನೆಯು ನ್ಯಾಯವಾದದ್ದು. ಆದಕಾರಣ ಆ ಮೂರು ವರ್ಷಗಳಲ್ಲಿ ನಡೆಯುವುದೇನು, ಅದರಿಂದ ವಿದ್ಯಾರ್ಥಿಗೂ ರೋಗಿಗೂ ಆಗುವ ಲಾಭವೇನು ಎಂಬುದನ್ನು ವಿಚಾರಮಾಡುವುದು ಈ ಸಭೆಗೆ ಉಚಿತವಾಗಿದೆ.

ಈ ಶಿಕ್ಷಣಕ್ಕೆ ರೆಸಿಡೆನ್ಸಿ ಎಂದು ಹೆಸರು. ಆ ಶಬ್ದದ ಅರ್ಥವು ವಾಸಮಾಡುವುದು ಎಂದಲ್ಲದೆ ಬೇರೆಯಲ್ಲ. ವಿದ್ಯಾರ್ಥಿಯು ಆಸ್ಪತ್ರೆಯಲ್ಲಿಯೇ ವಾಸಮಾಡಿ, ಅಲ್ಲಿಯೇ ಉಂಡು, ಅಲ್ಲಿಯೇ ಮಲಗಿ, ನಡುರಾತ್ರಿಯಲ್ಲಿ ಕರೆದರೂ ಎದ್ದು ಬರತಕ್ಕವನಾಗಿದ್ದುದರಿಂದ ಈ ಹೆಸರು ಬಂದಿತು. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ೧೮೮೯ರಲ್ಲಿ ಬಾಗಿಲು ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಆಸ್ಲರ್ ಮೊದಲಾದವರು ಈ ಕ್ರಮವನ್ನು ವ್ಯವಸ್ಥಿತಗೊಳಿಸಿದರು. ಗುರುವಿನ ಮನೆಯಲ್ಲಿದ್ದು ಪಾಠ ಹೇಳಿಸಿಕೊಂಡವರಿಗೆ ಇದು ಹೊಸತೆಂದು ತೋರಲಾರದು. ವ್ಯಾಕರಣದ ಸೂತ್ರಗಳನ್ನು ಬಾಯಿಪಾಠಮಾಡಿದ ಬಾಲಕನು ಒಂದು ಕಾವ್ಯವನ್ನು ಕೈಗೆತ್ತಿಕೊಂಡು ಅನ್ವಯ ಹೇಳತೊಡಗಿದಾಗಲೇ ತಾನು ಕಲಿತದ್ದೆಷ್ಟು, ಕಲಿಯದಿದ್ದುದೆಷ್ಟು ಎಂಬುದನ್ನು ತಿಳಿಯುವನು. ಗ್ರಂಥದಲ್ಲಿ ರೋಗದ ಲಕ್ಷಣಗಳು ಸಾಲಾಗಿ ನಿಂತಿರುವುವು. ರೋಗಿಯು ಆ ಸಾಲನ್ನು ಅನುಸರಿಸಿ ಬರುವುದಿಲ್ಲ.

ನರರೋಗಗಳಿಗೆಂದೇ ಪ್ರತ್ಯೇಕ ಆಸ್ಪತ್ರೆ ಹುಟ್ಟಿದ ಕಥೆಯು ಕೇಳತಕ್ಕದ್ದಾಗಿದೆ. ಲಂಡನ್ನಿನಲ್ಲಿ ಚಾಂಡ್ಲರ್ ಮನೆತನದ ಜೊಹಾನಾ, ಲೂಯಿಸಾ ಎಂಬ ಸೋದರಿಯರೂ ಅವರ ಸೋದರ ಎಡ್ವರ್ಡನೂ ಲಕ್ವದಿಂದ ಬಳಲಿದ ತಮ್ಮ ಅಜ್ಜಿಯ ಶುಶ್ರೂಷೆಯನ್ನು ಮಾಡಿದವರು. ಇಂಥ ರೋಗಿಗಳನ್ನು ಸಾಮಾನ್ಯ ಆಸ್ಪತ್ರೆಗಳು ಬಹುಕಾಲ ಇಟ್ಟುಕೊಳ್ಳುವುದಿಲ್ಲವೆಂಬುದನ್ನು ಕಂಡು, ಹಣವನ್ನು ಕೂಡಿಸಿ, ೧೮೫೯ರಲ್ಲಿ ಕ್ವೀನ್ ಸ್ಕ್ವೇರಿನ ಆಸ್ಪತ್ರೆಯ ಸ್ಥಾಪನೆಗೆ ಕಾರಣರಾದರು. ಅಲ್ಲಿ ವೈದ್ಯನಾಗಿದ್ದ ಹ್ಯೂಲಿಂಗ್ಸ್ ಜಾಕ್ಸನ್ ಎಂಬಾತನು ಮೂರ್ಛೆರೋಗಿಗಳ ಪಕ್ಕದಲ್ಲಿ ನಿಂತು ಸೆಳೆತವು ಹೆಬ್ಬೆರಳಿನಲ್ಲಿ ಮೊದಲಾಗಿ, ಕೈಗೆ ಏರಿ, ಮುಖಕ್ಕೆ ಹರಡುವ ಕ್ರಮವನ್ನು ನೋಡಿದನು. ಮಿದುಳಿನ ಮೇಲ್ಪದರದಲ್ಲಿ ಒಂದೊಂದು ಅಂಗದ ಚಲನೆಗೂ ಒಂದೊಂದು ಸ್ಥಾನವಿರಬೇಕೆಂದು ಊಹಿಸಿದನು. ಬರ್ಲಿನ್ನಿನ ಫ್ರಿಚ್ ಮತ್ತು ಹಿಟ್ಜಿಗ್ ಎಂಬವರು ೧೮೭೦ರಲ್ಲಿ ನಾಯಿಗಳ ಮೇಲೆ ಪ್ರಯೋಗಮಾಡಿ ಆ ಊಹೆಗೆ ಪ್ರಮಾಣವನ್ನು ಒದಗಿಸಿದರು. ಕಣ್ಣಿನ ಸಾಕ್ಷಿಯು ಮುಂದೆ ಹೋಗಿ ಯಂತ್ರದ ಸಾಕ್ಷಿಯು ಹಿಂದೆ ಬಂದಿತು. ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಶಾರ್ಕೋ ಎಂಬ ಮಹಾವೈದ್ಯನು ೧೮೬೨ರಿಂದ ಮಾಡಿದ ಕೆಲಸವೂ ಇಂಥದೇ. ಜೀವದಿಂದಿರುವಾಗ ರೋಗಿಯನ್ನು ವರ್ಷಾನುಗಟ್ಟಲೆ ಪರೀಕ್ಷಿಸುವುದು, ಮೃತರಾದ ಮೇಲೆ ಮಿದುಳು ಮತ್ತು ಬೆನ್ನುಹುರಿಗಳನ್ನು ಕೊಯ್ದು ನೋಡುವುದು, ಎರಡನ್ನೂ ಹೊಂದಿಸುವುದು. ಅವನಿಗಾಗಿ ೧೮೮೨ರಲ್ಲಿ ನರರೋಗಗಳ ಪ್ರಾಧ್ಯಾಪಕ ಪೀಠವು ಏರ್ಪಟ್ಟಿತು. ಅವನ ಶಿಷ್ಯನಾದ ಬಾಬಿನ್ಸ್ಕಿಯು ೧೮೯೬ರಲ್ಲಿ ಹೇಳಿದ ಲಕ್ಷಣವೊಂದುಂಟು: ಅಂಗಾಲನ್ನು ಗೀರಿದಾಗ ಹೆಬ್ಬೆರಳು ಕೆಳಗೆ ಬಾಗದೆ ಮೇಲಕ್ಕೆ ಎದ್ದರೆ ಮಿದುಳು ಅಥವಾ ಬೆನ್ನುಹುರಿಯ ಚಲನಮಾರ್ಗದಲ್ಲಿ ಕೇಡಿದೆಯೆಂದು ತಿಳಿಯಬೇಕು. ಕಾಸಿನ ವೆಚ್ಚವಿಲ್ಲದ ಈ ಪರೀಕ್ಷೆಯನ್ನು ಇಂದಿಗೂ ಯಾವ ಯಂತ್ರವೂ ಮೂಲೆಗೆ ಸರಿಸಿಲ್ಲ.

ಭಾರತಕ್ಕೆ ಈ ವಿದ್ಯೆ ಬಂದುದೂ ಪರಂಪರೆಯಿಂದಲೇ. ಆಕ್ಸ್‌ಫರ್ಡಿನ ಶೆರಿಂಗ್ಟನ್ನನ ಬಳಿಯಲ್ಲಿ ಕಲಿತ ವೈಲ್ಡರ್ ಪೆನ್‌ಫೀಲ್ಡನು ಕೆನಡಾದ ಮಾಂಟ್ರಿಯಲ್ಲಿನಲ್ಲಿ ೧೯೩೪ರಲ್ಲಿ ಒಂದು ನರವಿಜ್ಞಾನ ಸಂಸ್ಥೆಯನ್ನು ತೆರೆದನು. ಅಲ್ಲಿ ಕಲಿತುಬಂದ ಡಾಕ್ಟರ್ ಜೇಕಬ್ ಚಾಂಡಿಯವರು ೧೯೪೯ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ನರರೋಗ ಮತ್ತು ನರಶಸ್ತ್ರವೈದ್ಯಗಳ ವಿಭಾಗವನ್ನು ಪ್ರಾರಂಭಿಸಿದರು. ಕನ್ನಡ ನಾಡಿನಲ್ಲಿ ಇದರ ಪ್ರಧಾನ ಕ್ಷೇತ್ರವು ಬೆಂಗಳೂರಿನ ನಿಮ್ಹಾನ್ಸ್. ೧೮೪೭ರಲ್ಲಿ ಹುಚ್ಚರ ಆಸ್ಪತ್ರೆಯಾಗಿ ಆರಂಭವಾದುದು ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯಾಯಿತು. ೧೯೫೪ರಲ್ಲಿ ಅದರ ಮಗ್ಗುಲಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಗಿ ಡಾಕ್ಟರ್ ಎಂ.ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರಾದರು. ೧೯೭೪ರ ಡಿಸೆಂಬರ್ ೨೭ರಂದು ಇವೆರಡೂ ಒಂದುಗೂಡಿ ಈಗಿನ ಹೆಸರು ಬಂದಿತು. ೨೦೧೨ರ ಶಾಸನದಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂಬ ಪದವಿಯೂ ದೊರೆಯಿತು. ಇಲ್ಲಿಯೂ, ದೇಶದ ಬೇರೆ ಅನೇಕ ಆಸ್ಪತ್ರೆಗಳಲ್ಲಿಯೂ ಡಿ.ಎಂ. ಎಂಬ ಪದವಿಗಾಗಿ, ಎಂ.ಡಿ. ಆದವರು ಮೂರು ವರ್ಷ ವಾಸಮಾಡಿ ಕಲಿಯುವರು.

ಇನ್ನು ಕಲಿಯುವುದೇನೆಂಬುದಕ್ಕೆ ಬರೋಣ.

ಮೊಟ್ಟಮೊದಲನೆಯದು ಕೇಳುವ ವಿದ್ಯೆ. ಲಕ್ವ ಹೊಡೆದವನನ್ನು ಬೆಳಗಿನ ಏಳು ಗಂಟೆಗೆ ಗಾಡಿಯಿಂದ ಇಳಿಸುವರು. ಯಾವಾಗ ಆಯಿತೆಂದು ಕೇಳಿದರೆ, ಆರು ಗಂಟೆಗೆ ಎಂದು ಮನೆಯವರು ಹೇಳುವರು. ಹೊಸ ವಿದ್ಯಾರ್ಥಿಯು ಅದನ್ನೇ ಬರೆದುಕೊಳ್ಳುವನು. ಒಂದು ವರ್ಷ ಪಳಗಿದವನು ಹಾಗೆ ಬಿಡುವುದಿಲ್ಲ. ಆರು ಗಂಟೆಗೆ ಎದ್ದಾಗ ಕೈಕಾಲು ಬಿದ್ದುದನ್ನು ಕಂಡರೋ, ಎದ್ದು ಓಡಾಡಿದ ಮೇಲೆ ಬಿದ್ದಿತೋ ಎಂದು ಕೇಳುವನು. ಎದ್ದಾಗಲೇ ಬಿದ್ದಿದ್ದರೆ, ರೋಗವು ಆರಕ್ಕೆ ಬಂದುದೆಂದು ಹೇಳುವಂತಿಲ್ಲ. ಹಿಂದಿನ ರಾತ್ರಿ ಹತ್ತಕ್ಕೆ ಚೆನ್ನಾಗಿ ಮಾತಾಡಿ ಮಲಗಿದ್ದನಾದರೆ ಲೆಕ್ಕವು ಹತ್ತರಿಂದಲೇ. ಈ ಲೆಕ್ಕದ ಮೇಲೆ ಜೀವವೇ ನಿಂತಿದೆ. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಉಂಟಾದ ಲಕ್ವದಲ್ಲಿ ಹೆಪ್ಪನ್ನು ಕರಗಿಸುವ ಔಷಧವನ್ನು ಮೂರು ಗಂಟೆಗಳೊಳಗೆ ಕೊಟ್ಟರೆ ಗುಣವುಂಟೆಂದು ೧೯೯೫ರಲ್ಲಿಯೂ, ನಾಲ್ಕೂವರೆ ಗಂಟೆಗಳವರೆಗೂ ಗುಣವುಂಟೆಂದು ೨೦೦೮ರಲ್ಲಿಯೂ ಪರೀಕ್ಷೆಗಳಿಂದ ಸಿದ್ಧವಾಯಿತು. ಅದೇ ಔಷಧವನ್ನು ಮಿದುಳಿನೊಳಗೆ ರಕ್ತ ಸೋರಿದವನಿಗೆ ಕೊಟ್ಟರೆ ಅದು ವಿಷವೇ ಸರಿ. ಹೊರಗಿನಿಂದ ನೋಡಿದರೆ ಇಬ್ಬರೂ ಒಂದೇ ರೀತಿ ಬಿದ್ದಿರುವರು. ಆದುದರಿಂದ ತಲೆಯ ಸಿ.ಟಿ. ಚಿತ್ರವಿಲ್ಲದೆ ಕೊಡಕೂಡದು. ದೊಡ್ಡ ನಾಳದ ಹೆಪ್ಪನ್ನು ತೊಡೆಯ ರಕ್ತನಾಳದ ಮೂಲಕ ತಂತಿಯನ್ನು ಏರಿಸಿ ಹೊರಗೆಳೆಯುವ ಉಪಾಯವು ೨೦೧೫ರಿಂದ ಈಚೆಗೆ ಸರ್ವಸಮ್ಮತವಾಗಿದೆ. ೨೦೧೮ರಿಂದ, ವಿಶೇಷ ಚಿತ್ರಗಳ ಆಧಾರದಿಂದ ಆರಿಸಿದ ಕೆಲವು ರೋಗಿಗಳಲ್ಲಿ ೨೪ ಗಂಟೆಗಳವರೆಗೂ ಅದನ್ನು ಮಾಡುವರು. ಯಾರಿಗೆ ಯಾವುದು ಸಲ್ಲುವುದೆಂದು ನಿರ್ಣಯಿಸಲು ಕೆಲವೇ ನಿಮಿಷಗಳಿರುವುವು. ಈ ನಿರ್ಣಯವನ್ನು ಹಿರಿಯರ ಎದುರಿನಲ್ಲಿ ನೂರಾರು ಸಲ ಮಾಡಿದವನಿಗೂ, ಪುಸ್ತಕದಲ್ಲಿ ಓದಿದವನಿಗೂ ಇರುವ ಅಂತರವನ್ನು ವಿವರಿಸಬೇಕಾದುದಿಲ್ಲ.

ಎರಡನೆಯದು, ಕೇಡು ಎಲ್ಲಿದೆಯೆಂದು ಗುರುತಿಸುವ ವಿದ್ಯೆ. ರೋಗ ಯಾವುದೆಂದು ಕೇಳುವುದಕ್ಕೆ ಮೊದಲು ರೋಗ ಎಲ್ಲಿದೆಯೆಂದು ಕೇಳತಕ್ಕದ್ದೆಂಬುದು ಈ ಶಾಸ್ತ್ರದ ಮೂಲಸೂತ್ರ. ಇದಕ್ಕೆ ಬೇಕಾದ ಸಾಮಗ್ರಿಯು ಒಂದು ರಬ್ಬರಿನ ಸುತ್ತಿಗೆ, ಒಂದು ಬ್ಯಾಟರಿ ದೀಪ, ಒಂದು ಶ್ರುತಿಕವೆ, ಒಂದು ಹತ್ತಿಯ ಎಳೆ. ಬಾಯಿ ಸೊಟ್ಟಗಾದ ಒಬ್ಬನನ್ನು ತೆಗೆದುಕೊಳ್ಳಬಹುದು. ಹುಬ್ಬನ್ನು ಮೇಲಕ್ಕೆತ್ತು ಎಂದರೆ ಹಣೆಯಲ್ಲಿ ನೆರಿಗೆ ಬೀಳುವುದೇ? ಎರಡೂ ಕಡೆ ಬಿದ್ದರೆ ಕೇಡು ಮಿದುಳಿನಲ್ಲಿರುವ ಸಂಭವ ಹೆಚ್ಚು, ಏಕೆಂದರೆ ಹಣೆಗೆ ಮಿದುಳಿನ ಎರಡು ಪಾರ್ಶ್ವಗಳಿಂದಲೂ ಅಪ್ಪಣೆ ಬರುವುದು. ಒಂದು ಕಡೆ ನೆರಿಗೆಯೂ ಬೀಳದೆ ಕಣ್ಣೂ ಮುಚ್ಚದೆ ಇದ್ದರೆ, ಸಾಮಾನ್ಯವಾಗಿ ಕಿವಿಯ ಹತ್ತಿರ ಹಾಯುವ ಮುಖದ ನರವೊಂದೇ ಊದಿಕೊಂಡಿರುವುದು. ಇದಕ್ಕೆ ಬೆಲ್ ಎಂಬ ವೈದ್ಯನ ಹೆಸರಿದೆ. ಮೊದಲನೆಯವನನ್ನು ಹಾರಿಹೋಗುವಂತೆ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಎರಡನೆಯವನಿಗೆ ಪ್ರೆಡ್ನಿಸೊಲೋನ್ ಗುಳಿಗೆಯನ್ನು ಮೂರು ದಿನಗಳೊಳಗೆ ಪ್ರಾರಂಭಿಸಿ ಕಣ್ಣು ಒಣಗದಂತೆ ನೋಡಿಕೊಳ್ಳಬೇಕು. ಆ ಗುಳಿಗೆಯ ಗುಣವು ಸ್ಕಾಟ್ಲೆಂಡಿನಲ್ಲಿ ನಡೆದು ೨೦೦೭ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ದೃಢಪಟ್ಟಿತು.

ಇಲ್ಲಿ ಒಂದು ಮಾತು ಪ್ರಸಂಗವಶಾತ್ ಬರುವುದು. ಲಕ್ವಕ್ಕೆ ಸೊಪ್ಪಿನ ರಸ ಕೊಡುವವರು, ಎಣ್ಣೆ ಹಚ್ಚುವವರು ಅನೇಕ ಊರುಗಳಲ್ಲಿ ಪ್ರಸಿದ್ಧರಾಗಿರುವರು. ಬಾಯಿ ಸೊಟ್ಟಗಾದವರು ಅವರಲ್ಲಿಗೆ ಹೋಗಿ ನೆಟ್ಟಗಾಗಿ ಬಂದುದನ್ನು ಕಣ್ಣಾರೆ ಕಂಡೆವೆಂದು ಜನರು ಹೇಳುವರು. ಕಂಡುದು ಸುಳ್ಳಲ್ಲ. ಮುಖದ ನರವೊಂದೇ ಕೆಟ್ಟವರಲ್ಲಿ ನೂರಕ್ಕೆ ಸುಮಾರು ೭೦ ಮಂದಿ ಯಾವ ಔಷಧವೂ ಇಲ್ಲದೆ ಪೂರ್ತಿ ಗುಣಹೊಂದುವರು. ಸೊಪ್ಪಿಗೆ ಸಂದ ಕೀರ್ತಿಯು ನರಕ್ಕೆ ಸಲ್ಲತಕ್ಕದ್ದು. ಇದರಿಂದಾಗುವ ಕೇಡೆಂದರೆ, ಆ ಕೀರ್ತಿಯನ್ನು ನಂಬಿ, ಮಿದುಳಿನ ನಾಳ ಕಟ್ಟಿದವನನ್ನೂ ಅಲ್ಲಿಗೇ ಕರೆದೊಯ್ದು, ಆ ನಾಲ್ಕೂವರೆ ಗಂಟೆಗಳನ್ನು ದಾರಿಯಲ್ಲಿ ಕಳೆಯುವರು. ಅಂಥವನು ಮೂರನೆಯ ದಿನ ಆಸ್ಪತ್ರೆಗೆ ಬರುವುದನ್ನು ನಿವಾಸಿ ವೈದ್ಯನು ತನ್ನ ಮೂರು ವರ್ಷಗಳಲ್ಲಿ ಎಷ್ಟು ಸಲ ನೋಡುವನೋ ಲೆಕ್ಕವಿಡಲಾರನು.

ಮೂರನೆಯದು ಕಾದು ನೋಡುವ ವಿದ್ಯೆ. ಆಸ್ಪತ್ರೆವಾಸವೆಂಬ ಹೆಸರಿಗೆ ನಿಜವಾದ ಸಾರ್ಥಕ್ಯವು ಇಲ್ಲಿಯೇ. ಗಿಲೆನ್ ಮತ್ತು ಬಾರೆ ಎಂಬ ಫ್ರೆಂಚ್ ವೈದ್ಯರು ಸ್ಟ್ರೋಲ್ ಎಂಬವನೊಡನೆ ೧೯೧೬ರಲ್ಲಿ ವರ್ಣಿಸಿದ ರೋಗವೊಂದುಂಟು. ಜ್ವರವೋ ಭೇದಿಯೋ ಬಂದು ವಾಸಿಯಾದ ಒಂದೆರಡು ವಾರಗಳ ಮೇಲೆ, ಮೊನ್ನೆಯವರೆಗೆ ಹೊಲದಲ್ಲಿ ದುಡಿಯುತ್ತಿದ್ದ ಯುವಕನ ಪಾದಗಳು ಜುಮುಗುಟ್ಟಿ ಬಲಗೆಡುವುವು. ಬಲಹೀನತೆಯು ಮೊಣಕಾಲಿಗೆ, ಸೊಂಟಕ್ಕೆ, ಕೈಗಳಿಗೆ ಏರುತ್ತ ಬರುವುದು. ಸುತ್ತಿಗೆಯಿಂದ ಮೊಣಕಾಲನ್ನು ತಟ್ಟಿದರೆ ಕಾಲು ಅಲುಗದು. ಅದು ಎದೆಗೆ ಏರಿದರೆ ಉಸಿರಾಟವೇ ನಿಲ್ಲುವುದು. ಯಾವ ರೋಗಿಯಲ್ಲಿ ಏರುವುದು, ಯಾವನಲ್ಲಿ ನಿಲ್ಲುವುದು ಎಂಬುದನ್ನು ಮೊದಲ ದಿನ ನಿಶ್ಚಯವಾಗಿ ಹೇಳುವುದು ಕಷ್ಟ. ಆದುದರಿಂದ ರಾತ್ರಿಯ ಪಾಳಿಯ ವೈದ್ಯನು ಹಾಸಿಗೆಯ ಬಳಿ ಕುಳಿತು, ಒಂದೇ ಉಸಿರಿನಲ್ಲಿ ಒಂದು ಎರಡು ಮೂರು ಎಂದು ಎಣಿಸುವಂತೆ ರೋಗಿಗೆ ಹೇಳುವನು. ಆರೋಗ್ಯವಂತನು ನಲವತ್ತರವರೆಗೂ ಅದಕ್ಕೆ ಮಿಕ್ಕಿಯೂ ಎಣಿಸಬಲ್ಲನು. ಸಂಜೆ ಮೂವತ್ತೈದಕ್ಕೆ ನಿಂತವನು ಹತ್ತು ಗಂಟೆಗೆ ಇಪ್ಪತ್ತೇಳಕ್ಕೆ ನಿಂತರೆ ವೈದ್ಯನು ಮಲಗಲು ಹೋಗಬಾರದು. ಎರಡು ಗಂಟೆಗೆ ಹದಿನೆಂಟಕ್ಕೆ ನಿಂತರೆ ಹಿರಿಯರನ್ನು ಎಬ್ಬಿಸಿ, ತೀವ್ರ ನಿಗಾ ಘಟಕಕ್ಕೆ ಒಯ್ದು, ಉಸಿರಾಟದ ಯಂತ್ರವನ್ನು ಸಿದ್ಧಪಡಿಸಬೇಕು. ಉಸಿರು ಕಟ್ಟಿದ ಮೇಲೆ ಮಾಡುವ ಕೆಲಸವು ಬೇರೆ, ಕಟ್ಟುವ ಮುನ್ನ ಮಾಡುವ ಕೆಲಸವು ಬೇರೆ. ರಕ್ತದ ದ್ರವಭಾಗವನ್ನು ಬದಲಿಸುವ ಚಿಕಿತ್ಸೆಯಿಂದಲೋ ಪ್ರತಿವಿಷಕಣಗಳ ಚುಚ್ಚುಮದ್ದಿನಿಂದಲೋ ಚೇತರಿಸಿಕೊಂಡು, ಕೆಲವು ತಿಂಗಳುಗಳ ಮೇಲೆ ಅದೇ ಯುವಕನು ನಡೆದುಕೊಂಡು ಬಂದು ಎದುರಿಗೆ ನಿಲ್ಲುವುದುಂಟು. ದಿನದಲ್ಲಿ ಒಂದು ಸಲ ಬಂದುಹೋಗುವ ವೈದ್ಯನಿಗೆ ಈ ರೋಗದ ಏರಿಕೆಯು ಕಾಣಿಸದು. ಅಲ್ಲಿಯೇ ವಾಸಮಾಡುವವನಿಗೆ ಮಾತ್ರ ಕಾಣಿಸುವುದು.

ನಾಲ್ಕನೆಯದು, ಜನರ ನಡೆನುಡಿಗಳನ್ನು ತಿಳಿಯುವುದು. ಮೂರ್ಛೆರೋಗವು ಈ ದೇಶದಲ್ಲಿ ಸಾವಿರಕ್ಕೆ ಸುಮಾರು ಐವರಿಗೆ ಇದೆ. ಕನ್ನಡ ನಾಡಿನ ದಕ್ಷಿಣ ಭಾಗದಲ್ಲಿ ಅದರ ಒಂದು ವಿಚಿತ್ರ ಭೇದವು ಕಾಣಬರುವುದು. ತಲೆಯ ಮೇಲೆ ಬಿಸಿನೀರನ್ನು ತಂಬಿಗೆತಂಬಿಗೆಯಾಗಿ ಬೇಗಬೇಗನೆ ಸುರಿದುಕೊಳ್ಳುವಾಗಲೇ ಸೆಳೆತ ಬರುವುದು, ಮಕ್ಕಳಲ್ಲಿ ಹೆಚ್ಚು. ಬೆಂಗಳೂರಿನ ಡಾಕ್ಟರ್ ಕೆ.ಎಸ್. ಮಣಿ ಮತ್ತು ಅವರ ಸಂಗಡಿಗರು ೧೯೬೮ರಲ್ಲಿಯೇ ಇದನ್ನು ಕುರಿತು ಬರೆದರು. ನಿಮ್ಹಾನ್ಸಿನ ಡಾಕ್ಟರ್ ಸತೀಶ್‌ಚಂದ್ರ ಮೊದಲಾದವರು ದೀರ್ಘಕಾಲ ಅಭ್ಯಸಿಸಿದರು. ಅಭ್ಯಂಜನದ ಪದ್ಧತಿಯನ್ನರಿಯದ ದೇಶದಲ್ಲಿ ಕಲಿತ ವೈದ್ಯನಿಗೆ "ಸ್ನಾನ ಹೇಗೆ ಮಾಡಿಸುವಿರಿ?" ಎಂದು ತಾಯಿಯನ್ನು ಕೇಳಬೇಕೆಂಬುದೇ ಹೊಳೆಯದು. ಕೇಳಿ ತಿಳಿದವನು, ನೀರನ್ನು ಉಗುರುಬೆಚ್ಚಗೆ ಮಾಡಿ ತಲೆಗೆ ನಿಧಾನವಾಗಿ ಹಾಕಲು ಹೇಳಿ, ಸಾಲದಿದ್ದರೆ ಸ್ನಾನಕ್ಕೆ ಮುಂಚೆ ಒಂದು ಗುಳಿಗೆ ಕೊಡುವನು. ಎಷ್ಟೋ ಮಕ್ಕಳಿಗೆ ಅಷ್ಟೇ ಸಾಕಾಗುವುದು. ಇದೇ ಮಣಿಯವರು ಈಗಿನ ಚಾಮರಾಜನಗರ ಜಿಲ್ಲೆಯ ಯಳಂದೂರು ತಾಲ್ಲೂಕಿನ ಹಳ್ಳಿಗಳಲ್ಲಿ ಮೂರ್ಛೆರೋಗಿಗಳನ್ನು ಹುಡುಕಿ, ಅಗ್ಗದ ಹಳೆಯ ಔಷಧಗಳಾದ ಫೀನೋಬಾರ್ಬಿಟೋನ್ ಮತ್ತು ಫೆನಿಟಾಯಿನುಗಳಿಂದಲೇ ಹಳ್ಳಿಯಲ್ಲಿ ರೋಗವನ್ನು ಹಿಡಿತದಲ್ಲಿಡಬಹುದೆಂದು ತೋರಿಸಿದರು. ಆ ವರದಿಯು ೨೦೦೧ರಲ್ಲಿ ಲಂಡನ್ನಿನ ಪ್ರಸಿದ್ಧ ವೈದ್ಯಪತ್ರಿಕೆಯಾದ ಲ್ಯಾನ್ಸೆಟ್ಟಿನಲ್ಲಿ ಪ್ರಕಟವಾಯಿತು.

ಮೂರ್ಛೆ ಬಂದವನ ಕೈಗೆ ಕಬ್ಬಿಣದ ಕೀಲಿ ಕೊಡುವುದು, ಮೂಗಿಗೆ ಈರುಳ್ಳಿ ಅಥವಾ ಪಾದರಕ್ಷೆಯನ್ನು ಹಿಡಿಯುವುದು ಈಗಲೂ ನಡೆದಿದೆ. ಬಹಳ ಮಟ್ಟಿಗೆ ಸೆಳೆತವು ಒಂದೆರಡು ನಿಮಿಷಗಳಲ್ಲಿ ತಾನಾಗಿ ನಿಲ್ಲುವುದರಿಂದ ಕೀಲಿಗೆ ಯಶಸ್ಸು ಸಿಕ್ಕಿದೆ. ರೋಗಿಯನ್ನು ಮಗ್ಗುಲಿಗೆ ಹೊರಳಿಸಿ, ಬಾಯಲ್ಲಿ ಏನನ್ನೂ ತುರುಕದೆ, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಇದನ್ನು ದಿನಕ್ಕೆ ಹತ್ತು ಮನೆಯವರಿಗೆ ಅವರವರ ಮಾತಿನಲ್ಲಿ ಬಿಡಿಸಿ ಹೇಳುವುದೂ ಶಿಕ್ಷಣದ ಭಾಗವೇ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಹಿಂದೂ ವಿವಾಹ ಶಾಸನದಲ್ಲಿ ಮೂರ್ಛೆರೋಗವು ಮದುವೆಗೆ ಅಡ್ಡಿಯೆಂದು ಇದ್ದ ಮಾತನ್ನು ೧೯೯೯ರಲ್ಲಿ ತೆಗೆದುಹಾಕಲಾಯಿತು. ಮನೆಗಳಲ್ಲಿ ಅದು ಇನ್ನೂ ಹೋಗಿಲ್ಲ. ರೋಗವನ್ನು ಮುಚ್ಚಿಟ್ಟು ಮದುವೆಮಾಡಿ, ಗಂಡನ ಮನೆಯಲ್ಲಿ ಗುಳಿಗೆಯನ್ನು ಬಚ್ಚಿಡಲಾರದೆ ನಿಲ್ಲಿಸಿ, ಒಲೆಯ ಮುಂದೆ ಮೂರ್ಛೆಹೋಗಿ ಸುಟ್ಟುಕೊಂಡು ಬರುವ ಹೆಂಗಸರನ್ನು ನರವೈದ್ಯರೆಲ್ಲರೂ ಬಲ್ಲರು. ಅಂಥವಳೊಡನೆ, ಅವಳ ತಂದೆಯೊಡನೆ, ಗಂಡನೊಡನೆ ಬೇರೆಬೇರೆಯಾಗಿ ಹೇಗೆ ಮಾತಾಡಬೇಕೆಂಬುದಕ್ಕೆ ಯಾವ ಗ್ರಂಥವೂ ಇಲ್ಲ. ಹಿರಿಯ ವೈದ್ಯನು ಮಾತಾಡುವಾಗ ಪಕ್ಕದಲ್ಲಿ ನಿಂತು ಕೇಳಿಯೇ ಕಲಿಯಬೇಕು. ಗುಣವಾಗದ ರೋಗಗಳನ್ನು ತಿಳಿಸುವ ರೀತಿಯೂ ಹೀಗೆಯೇ. ಬುದ್ಧಿಯು ಸ್ವಚ್ಛವಾಗಿರುವಾಗಲೇ ಸ್ನಾಯುಗಳೆಲ್ಲ ಕರಗುತ್ತ ಹೋಗುವ, ಶಾರ್ಕೋ ವರ್ಣಿಸಿದ ಆ ರೋಗವನ್ನು ಒಬ್ಬ ಉಪಾಧ್ಯಾಯನಿಗೆ ತಿಳಿಸಬೇಕಾಗಿ ಬಂದರೆ, ಯಾವ ಶಬ್ದದಿಂದ ಪ್ರಾರಂಭಿಸಬೇಕು?

ತನ್ನ ನಿರ್ಣಯವು ಸರಿಯೋ ತಪ್ಪೋ ಎಂಬುದು ಕೆಲವು ವೇಳೆ ಮರಣಾನಂತರವೇ ತಿಳಿಯುವುದು. ನಿಮ್ಹಾನ್ಸಿನಲ್ಲಿ ಡಾಕ್ಟರ್ ಎಸ್.ಕೆ. ಶಂಕರ್ ಅವರ ಪ್ರಯತ್ನದಿಂದ ೧೯೯೫ರಲ್ಲಿ ಮಾನವ ಮಿದುಳುಗಳ ಭಂಡಾರವೊಂದು ಏರ್ಪಟ್ಟಿತು. ಮೃತರ ಬಂಧುಗಳ ಸಮ್ಮತಿಯಿಂದ ದೊರೆತ ಮಿದುಳುಗಳನ್ನು ಅಲ್ಲಿ ಕಾಪಾಡುವರು. ರೋಗಿಯು ಬದುಕಿದ್ದಾಗ ಬರೆದ ನಿರ್ಣಯವನ್ನೂ, ಸೂಕ್ಷ್ಮದರ್ಶಕದಲ್ಲಿ ಕಂಡುದನ್ನೂ ಸಭೆಯಲ್ಲಿ ಎದುರುಬದುರಾಗಿ ಇಡುವ ಪದ್ಧತಿಯು ಇಂಥ ಸಂಸ್ಥೆಗಳಲ್ಲಿ ಉಂಟು. ಪ್ರಾಧ್ಯಾಪಕನ ಊಹೆಯೂ ವಿದ್ಯಾರ್ಥಿಯ ಊಹೆಯೂ ಅಲ್ಲಿ ಒಂದೇ ತಕ್ಕಡಿಯಲ್ಲಿ ತೂಗಲ್ಪಡುವುವು. ತರ್ಕದ ವಾದಸಭೆಗಳಲ್ಲಿ ಗೆದ್ದವನಾರೆಂದು ವರ್ಷಗಟ್ಟಲೆ ತೀರ್ಮಾನವಾಗದೆ ಉಳಿಯುವುದುಂಟು. ಇಲ್ಲಿ ಆ ತೊಂದರೆಯಿಲ್ಲ.

ಇಷ್ಟು ಹೇಳಿ ಇದರ ಕಷ್ಟಗಳನ್ನು ಹೇಳದೆ ಬಿಟ್ಟರೆ ಪಕ್ಷಪಾತವಾಗುವುದು. ಕೇಂದ್ರ ಸರ್ಕಾರವು ೧೯೯೨ರಲ್ಲಿ ಹೊರಡಿಸಿದ ನಿಯಮದಂತೆ ನಿವಾಸಿ ವೈದ್ಯನ ಎಡೆಬಿಡದ ಕೆಲಸವು ಸಾಮಾನ್ಯವಾಗಿ ದಿನಕ್ಕೆ ೧೨ ಗಂಟೆಗಳನ್ನು ಮೀರಕೂಡದು. ಅದು ಬಹು ಕಡೆಗಳಲ್ಲಿ ಕಾಗದದಲ್ಲಿಯೇ ಉಳಿದಿದೆ. ಬೆಳಗ್ಗೆ ಬಂದವನು ಮರುದಿನ ಮಧ್ಯಾಹ್ನ ಹೊರಡುವುದು ಅಪರೂಪವಲ್ಲ. ಅಮೆರಿಕದಲ್ಲಿ ೨೦೦೩ರಲ್ಲಿ ವಾರಕ್ಕೆ ೮೦ ಗಂಟೆಗಳ ಮಿತಿಯನ್ನಿಟ್ಟರು, ಅದೂ ಕಡಿಮೆಯೇನಲ್ಲ. ನಿದ್ರೆಗೆಡುವುದರಿಂದ ಮೂರ್ಛೆ ಬರುವುದೆಂದು ರೋಗಿಗೆ ಬುದ್ಧಿಹೇಳುವ ವಿಭಾಗವೇ ತನ್ನ ವಿದ್ಯಾರ್ಥಿಗಳ ನಿದ್ರೆಯನ್ನು ಕೆಡಿಸುವುದು ವಿಪರೀತವಾದ ಸಂಗತಿ. ರಾತ್ರಿಯ ಪಾಳಿಯಿಂದ ಕಲಿಯುವುದು ಬಹಳವಿದೆಯೆಂಬುದು ನಿಜ; ಮೂವತ್ತನೆಯ ಗಂಟೆಯಲ್ಲಿ ಯಾರೂ ಏನನ್ನೂ ಕಲಿಯಲಾರರೆಂಬುದೂ ಅಷ್ಟೇ ನಿಜ. ವಾಸವು ಶಿಕ್ಷಣಕ್ಕಾಗಿ ಹುಟ್ಟಿದುದು, ಕಡಿಮೆ ಸಂಬಳಕ್ಕೆ ಆಳು ದೊರೆಯಲೆಂದಲ್ಲ. ಮಗನು ಎಲ್ಲಿ ಸೇರಬೇಕೆಂದು ವಿಚಾರಿಸುವ ತಂದೆಯು ಸಂಸ್ಥೆಯ ಕಟ್ಟಡವನ್ನು ನೋಡಿ ಮರುಳಾಗದೆ, ಹಿರಿಯ ವೈದ್ಯರು ದಿನವೂ ರೋಗಿಗಳ ಹಾಸಿಗೆಯ ಬಳಿ ನಿಂತು ಪಾಠ ಹೇಳುವರೋ ಇಲ್ಲವೋ, ರಾತ್ರಿ ಕರೆದರೆ ಬರುವರೋ ಇಲ್ಲವೋ, ಪಾಳಿ ಮುಗಿದ ಮೇಲೆ ವಿದ್ಯಾರ್ಥಿಗೆ ಮಲಗಲು ಬಿಡುವರೋ ಇಲ್ಲವೋ ಎಂದು ಅಲ್ಲಿ ಈಗ ಕಲಿಯುತ್ತಿರುವವರನ್ನು ಕೇಳುವುದು ಲೇಸು.

ಕಲಿತವರು ಎಲ್ಲಿ ನೆಲಸುವರೆಂಬ ಪ್ರಶ್ನೆಯೊಂದು ಉಳಿಯಿತು. ನೂರನಲವತ್ತು ಕೋಟಿಗೂ ಮೀರಿದ ಜನರಿರುವ ಈ ದೇಶದಲ್ಲಿ ನರವೈದ್ಯರು ಕೆಲವೇ ಸಾವಿರ. ಅವರಲ್ಲಿಯೂ ಬಹುಮಂದಿ ದೊಡ್ಡ ನಗರಗಳಲ್ಲಿರುವರು. ಕರ್ನಾಟಕ ಸರ್ಕಾರವು ನಿಮ್ಹಾನ್ಸಿನೊಡಗೂಡಿ ೨೦೨೨ರಲ್ಲಿ ಮಿದುಳಿನ ಆರೋಗ್ಯದ ಯೋಜನೆಯೊಂದನ್ನು ಆರಂಭಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮೂರ್ಛೆ, ಲಕ್ವ, ತಲೆನೋವು, ಮರೆವಿನ ರೋಗಗಳನ್ನು ಗುರುತಿಸುವ ಶಿಕ್ಷಣವನ್ನು ಕೊಡಿಸತೊಡಗಿತು. ಇದರಿಂದ ಒಬ್ಬ ನರವೈದ್ಯನ ವಿದ್ಯೆಯು ಹತ್ತು ಮಂದಿಗೆ ಹಂಚಿಹೋಗುವುದು. ಆದರೆ ಹಂಚುವುದಕ್ಕೆ ಮೊದಲು ಒಬ್ಬನಾದರೂ ಪೂರ್ತಿ ಕಲಿತಿರಬೇಕಷ್ಟೆ. ಜಿಲ್ಲೆಯ ಊರಿನಲ್ಲಿ ಅಂಥವನೊಬ್ಬನು ನೆಲಸಿದರೆ, ರಾತ್ರಿ ಹನ್ನೊಂದಕ್ಕೆ ಕೈಕಾಲು ಬಿದ್ದ ರೈತನು ಬೆಂಗಳೂರಿಗೆ ಹೊರಟು ದಾರಿಯಲ್ಲಿಯೇ ವೇಳೆ ಮೀರಿಸಿಕೊಳ್ಳಬೇಕಾದುದಿಲ್ಲ. ಹನ್ನೆರಡಕ್ಕೆ ತಲೆಯ ಚಿತ್ರವಾಗಿ, ಹನ್ನೆರಡೂವರೆಗೆ ಔಷಧವು ರಕ್ತಕ್ಕೆ ಸೇರಬಹುದು. ಮೂರು ವರ್ಷ ಕಾಯಬೇಕಾದ ತಂದೆತಾಯಿಗಳು ಮಗನೊಡನೆ ಈಗಲೇ ಮಾತಾಡಿಕೊಳ್ಳತಕ್ಕ ವಿಷಯವಿದು: ಕಲಿತ ಮೇಲೆ ಯಾವ ಊರಿನಲ್ಲಿ ಕುಳಿತುಕೊಳ್ಳುವೆ, ಅಲ್ಲಿ ಸಿ.ಟಿ. ಯಂತ್ರವಿದೆಯೇ, ಇಲ್ಲದಿದ್ದರೆ ಅದನ್ನು ತರಿಸುವ ಬಗೆ ಹೇಗೆ ಎಂದು.